ಹೆಡ್‌ಮೇಷ್ಟ್ರು ತೆಗೆಸಿದ ಬಾಗಿಲು

ನನಗೆ ಎರಡು ಹುಟ್ಟುಹಬ್ಬ. ಒಂದು ಅಮ್ಮ ಹೇಳುತ್ತಿದ್ದದ್ದು. ಪುನರ್ವಸು ಮಳೆ ಹಿಡಿದದ್ದು ಬಿಟ್ಟಿರಲಿಲ್ಲವಂತೆ, ಕೊಟ್ಟಿಗೆಯಲ್ಲಿ ಕೌಲಿ ಕರು ಹಾಕಿ ಮನೆಯಲ್ಲಿ ಗಿಣ್ಣು ಇನ್ನೂ ಮುಗಿದಿರಲಿಲ್ಲವಂತೆ, ಸೂಲಗಿತ್ತಿ ಹಳ್ಳ ದಾಟಿ ಬರುವಷ್ಟರಲ್ಲಿ ನಾನು ಬಂದಾಗಿತ್ತಂತೆ. ಇಷ್ಟೆಲ್ಲ ವಿವರ ಇದ್ದರೂ ಅದರಿಂದ ತಾರೀಖು ಮಾತ್ರ ಹೊರಡುವುದಿಲ್ಲ. ಇನ್ನೊಂದು ಹುಟ್ಟುಹಬ್ಬ ನಮ್ಮೂರ ಶಾಲೆಯ ಹೆಡ್‌ಮೇಷ್ಟ್ರು ಕೊಟ್ಟದ್ದು. ಅವರು ನನ್ನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುತ್ತದೋ ಇಲ್ಲವೋ ನೋಡಿ, ಮುಟ್ಟಿದ್ದಕ್ಕೆ ಸಂತೋಷಪಟ್ಟು, ದಾಖಲಾತಿ ಪುಸ್ತಕದಲ್ಲಿ ಜೂನ್ 1 ಅಂತ ಬರೆದರು. ಆ ವರ್ಷ ಕಿವಿ ಮುಟ್ಟಿದವರೆಲ್ಲ ಜೂನ್ ಒಂದರಂದೇ ಹುಟ್ಟಿದೆವು. ಮುಂದೆ ನಾನೂ ಮೇಷ್ಟ್ರ ಕೆಲಸಕ್ಕೆ ಸೇರಿ ನೋಡಿದರೆ ಸ್ಟಾಫ್‌ರೂಮಿನಲ್ಲೂ ಅದೇ ಕತೆ. ಜೂನ್ ಒಂದರವರು ಹಿಂದಿನ ದಿನವೇ, ಮೇ 31ಕ್ಕೆ, ನಿವೃತ್ತರಾಗಬೇಕೆಂಬುದು ನಿಯಮ. ಹಾಗಾಗಿ ನಮ್ಮ ತಾಲ್ಲೂಕಿನವರನ್ನೆಲ್ಲ ಒಂದೇ ಶಾಮಿಯಾನದ ಕೆಳಗೆ ಸಾಲಾಗಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಿದರು.

ಸರ್ಕಾರ ಒಪ್ಪಿಕೊಂಡ ಈ ಹುಟ್ಟುಹಬ್ಬಕ್ಕೆ ನಮ್ಮ ಮನೆಯಲ್ಲಿ ಯಾವತ್ತೂ ಪಾಯಸ ಆದದ್ದಿಲ್ಲ. ಆದರೆ ಮಗಳು ಲಂಡನ್ನಿನಲ್ಲಿ ಕೆಲಸಕ್ಕೆ ಸೇರಿ, ನಮ್ಮ ವೀಸಾ ಅರ್ಜಿ ತುಂಬುವಾಗ ಜೂನ್ ಒಂದನ್ನು ಎಷ್ಟು ಸಲ ಬರೆದಳೋ, ಅವಳ ತಲೆಯಲ್ಲಿ ಅದೇ ಕೂತುಬಿಟ್ಟಿತು. ಕೊರೋನಾ ಎಂಬ ಹೆಸರು ಇನ್ನೂ ಯಾರ ಬಾಯಲ್ಲೂ ಇರದಿದ್ದ ಬೇಸಿಗೆ ಅದು. ನಾವು ಹೋಗಿ ಇಳಿದು ಸುಧಾರಿಸಿಕೊಳ್ಳುವಷ್ಟರಲ್ಲೇ, “ಅಮ್ಮ, ನಿನ್ನ ಬರ್ತ್‌ಡೇ ದಿನ ಹ್ಯಾರಿ ಪಾಟರ್ ಸ್ಟುಡಿಯೋಕ್ಕೆ ಹೋಗ್ತಿದೀವಿ, ಟಿಕೆಟ್ ಯಾವಾಗ್ಲೋ ತೆಗೆದಾಗಿದೆ” ಅಂದಳು. ಗೇಟಿನಲ್ಲಿ ನಿಂತು ಕೇಳಿದರೆ ಅಲ್ಲಿ ಟಿಕೆಟ್ ಕೊಡುವುದಿಲ್ಲ, ದಿನ ಗಳಿಗೆ ಎರಡನ್ನೂ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಮದುವೆಗೆ ಛತ್ರ ಹಿಡಿಯುವಾಗಲೂ ಇಷ್ಟು ಮುಂದಾಲೋಚನೆ ಮಾಡದ ಮನೆತನ ನಮ್ಮದು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಹ್ಯಾರಿ ಪಾಟರನ ಅಭಿಮಾನಿ ಮಗಳಲ್ಲ, ನಾನು. ಅವಳು ಎಸ್ಸೆಸ್ಸೆಲ್ಸಿ ಓದುವ ವರ್ಷ ವಿಜ್ಞಾನದ ಪುಸ್ತಕ ಇದ್ದಕ್ಕಿದ್ದಂತೆ ದಪ್ಪವಾಗಿ ಕಂಡು, ತೆರೆದು ನೋಡಿದರೆ ಒಳಗೆ ಇವನಿದ್ದ. ಕಿತ್ತುಕೊಂಡು ಅಟ್ಟದ ಮೇಲೆ ಇಟ್ಟೆ. ಅಷ್ಟಕ್ಕೇ ಬಿಡಬಹುದಿತ್ತು. ಮಕ್ಕಳ ತಲೆ ಕೆಡಿಸುವಂಥದ್ದು ಇದರಲ್ಲಿ ಏನಿದೆ, ಜವಾಬ್ದಾರಿಯುತ ಶಿಕ್ಷಕಿಯಾಗಿ ತಿಳಿದುಕೊಳ್ಳೋಣ ಎಂದು ರಾತ್ರಿ ಏಣಿ ಹಾಕಿದೆ. ಕನ್ನಡ ಮೀಡಿಯಮ್ಮಿನ ನನ್ನ ಇಂಗ್ಲಿಷು ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ನಿಧಾನಕ್ಕೆ ನಡೆಯುವಂಥದ್ದು. ಆದರೂ ಪರೀಕ್ಷೆ ಮುಗಿಸಿ ಮಗಳು “ಈಗಾದ್ರೂ ಕೊಡು” ಅಂತ ಬಂದಾಗ, “ತಡಿಯೇ, ಇನ್ನೊಂದು ಅಧ್ಯಾಯ ಇದೆ” ಅಂದದ್ದು ನಾನೇ. ಅವಳು ದೊಡ್ಡವಳಾಗಿ ಆ ಹುಚ್ಚನ್ನು ಬಿಟ್ಟಳು. ನನಗೆ ಬಿಡಲಾಗಲಿಲ್ಲ.

ಹ್ಯಾರಿ ಓದುವ ಹಾಗ್ವರ್ಟ್ಸ್ ಎಂಬ ಮಾಂತ್ರಿಕರ ಶಾಲೆಯನ್ನು ನಾನು ಮೊದಲು ಓದಿದ್ದು ಇಲಾಖೆಯ ಕಣ್ಣಿನಿಂದ. ಬಿಇಒ ಬರುವುದಿಲ್ಲ. ಕಾಂಪೌಂಡಿಗೆ ತಾಗಿಯೇ ನಿಷಿದ್ಧ ಕಾಡು. ಆಟದ ಪಿರಿಯಡ್ಡಿನಲ್ಲಿ ಮಕ್ಕಳ ಕೈಕಾಲು ಮುರಿಯುತ್ತದೆ, ಆದರೂ ಒಬ್ಬ ತಂದೆಯಾಗಲಿ ತಾಯಿಯಾಗಲಿ ಬಂದು ಗಲಾಟೆ ಮಾಡುವುದಿಲ್ಲ. ಕರಾಳ ವಿದ್ಯೆಯಿಂದ ರಕ್ಷಿಸಿಕೊಳ್ಳುವುದನ್ನು ಕಲಿಸುವ ಮೇಷ್ಟ್ರಂತೂ ವರ್ಷಕ್ಕೊಬ್ಬರು. ಅತಿಥಿ ಶಿಕ್ಷಕರ ಪಾಡು ಮಾಂತ್ರಿಕ ಲೋಕದಲ್ಲೂ ಸುಧಾರಿಸಿಲ್ಲವಲ್ಲ ಎಂದು ಮರುಗಿದ್ದೇನೆ. ಪಾರ್ವತಿ ಪಾಟೀಲ್, ಪದ್ಮಾ ಪಾಟೀಲ್ ಎಂಬ ಅವಳಿಜವಳಿ ಹುಡುಗಿಯರು ಆ ಶಾಲೆಯಲ್ಲಿರುವುದನ್ನು ಕಂಡು ವಿಜಯಪುರ ಕಡೆಯ ನಮ್ಮ ಗಣಿತದ ಮೇಡಂ, “ನಮ್ ಮಂದಿನ ಇರಬೇಕ್ ಬಿಡ್ರಿ” ಎಂದು ಹೆಮ್ಮೆಪಟ್ಟದ್ದೂ ಉಂಟು. ಮರಾಠಿಯವರು ಏನಾದರೂ ಹೇಳಿಕೊಳ್ಳಲಿ, ಸ್ಟಾಫ್‌ರೂಮಿನಲ್ಲಿ ಆ ತೀರ್ಮಾನ ಆಗಿಹೋಗಿದೆ.

ಸ್ಟುಡಿಯೋ ಎಂದ ಕೂಡಲೇ ಅಪಸ್ವರ ಎತ್ತಿದವರು ನಮ್ಮವರು. ಪಿಡಬ್ಲ್ಯುಡಿಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು ಅವರು. ಕಾದಂಬರಿ ಓದುವವರಲ್ಲ, ಟೆಂಡರ್ ನೋಟೀಸನ್ನು ಮಾತ್ರ ಆಸಕ್ತಿಯಿಂದ ಓದುತ್ತಾರೆ. “ಅಲ್ಲ ಮಾರಾಯ್ತಿ, ಒಳಗಿನ ಗುಟ್ಟೆಲ್ಲ ನೋಡಿದ ಮೇಲೆ ನಿಂಗೆ ಆ ಪುಸ್ತಕ ಮತ್ತೆ ಓದಕ್ಕೆ ಮನಸ್ಸಾಗ್ತದಾ?” ಎಂದರು. ಮಾತು ನನ್ನನ್ನು ಸ್ವಲ್ಪ ಅಲುಗಾಡಿಸಿತು. ಆಮೇಲೆ ಚೌಕಿ ನೆನಪಾಯಿತು. ನಮ್ಮ ಕಡೆ ಯಕ್ಷಗಾನ ಮೇಳ ಬಂದರೆ ಆಟ ಶುರುವಾಗುವುದಕ್ಕೆ ಮುಂಚೆ ಮಕ್ಕಳೆಲ್ಲ ಓಡುತ್ತಿದ್ದದ್ದು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ. ಅಲ್ಲಿ ಮಹಿಷಾಸುರ ಅರ್ಧ ಮುಖಕ್ಕೆ ಬಣ್ಣ ಬಳಿದುಕೊಂಡು ಇನ್ನರ್ಧದಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿರುತ್ತಿದ್ದ. ಅಕ್ಕಿಹಿಟ್ಟಿನ ಚಿಟ್ಟೆ ಒಂದೊಂದೇ ಮುಖದ ಮೇಲೆ ಏಳುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಅವನು ನಮ್ಮ ಹತ್ತಿರವೇ ನೀರು ತರಿಸಿಕೊಂಡು ಕುಡಿದದ್ದೂ ಇದೆ. ಅದೇ ಮಹಿಷಾಸುರ ನಡುರಾತ್ರಿ ದೊಂದಿ ಬೆಳಕಿನಲ್ಲಿ ಜನರ ನಡುವಿನಿಂದ ಕೂಗುತ್ತ ಬಂದರೆ, ನೀರು ಕೊಟ್ಟ ನಾನೇ ಎಲ್ಲರಿಗಿಂತ ಮೊದಲು ಕಿರುಚಿ ಅಮ್ಮನ ಸೆರಗಿನೊಳಗೆ ನುಗ್ಗುತ್ತಿದ್ದೆ. ಗುಟ್ಟು ತಿಳಿದರೆ ಹೆದರಿಕೆ ಹೋಗುತ್ತದೆಂದು ಹೇಳುವವರು ಚೌಕಿ ನೋಡಿದವರಲ್ಲ. ನಮ್ಮವರು ಬಯಲುಸೀಮೆಯವರು, ಪಾಪ.

ಹುಟ್ಟುಹಬ್ಬ ಸುಳ್ಳೋ ನಿಜವೋ, ದಿನ ದಿನವೇ. ಗಿಳಿಹಸಿರು ಮೈಸೂರು ಸಿಲ್ಕ್ ಉಟ್ಟು, ಮೇಲೆ ಸ್ವೆಟರು, ಕಾಲಿಗೆ ಉಣ್ಣೆ ಕಾಲುಚೀಲ, ಮಗಳು ಕೊಡಿಸಿದ ಓಟದ ಬೂಟು ಏರಿಸಿ ಹೊರಟೆ. ಯೂಸ್ಟನ್ನಿನಿಂದ ರೈಲಿನಲ್ಲಿ ವಾಟ್‌ಫರ್ಡ್ ಜಂಕ್ಷನ್, ಅಲ್ಲಿಂದ ಸ್ಟುಡಿಯೋದವರದೇ ಬಸ್ಸು, ಕಾಲು ಗಂಟೆಯಲ್ಲಿ ಲೀವ್ಸ್‌ಡೆನ್. ದೂರದಿಂದ ನೋಡಿದರೆ ಯಾವುದೋ ಕಾರ್ಖಾನೆಯ ಗೋಡೌನು ಅನ್ನಿಸುತ್ತದೆ. ಅನ್ನಿಸುವುದೇನು, ಅದು ಕಾರ್ಖಾನೆಯೇ ಆಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಯುದ್ಧವಿಮಾನ ಕಟ್ಟಲೆಂದು ಎಬ್ಬಿಸಿದ ಶೆಡ್ಡುಗಳವು. ಹ್ಯಾಲಿಫ್ಯಾಕ್ಸ್ ಎಂಬ ದೊಡ್ಡ ಬಾಂಬರು, ಮಸ್ಕಿಟೊ ಎಂಬ ಚುರುಕು ವಿಮಾನ ಅಲ್ಲಿಂದ ಹೊರಬಿದ್ದವು. ಆಮೇಲೆ ಬಹುಕಾಲ ರೋಲ್ಸ್ ರಾಯ್ಸ್‌ನವರು ಹೆಲಿಕಾಪ್ಟರ್ ಎಂಜಿನ್ ಮಾಡುತ್ತಿದ್ದರು. 1990ರ ದಶಕದ ಮೊದಲಲ್ಲಿ ಅದೂ ಮುಚ್ಚಿತು. ಇಷ್ಟು ಎತ್ತರದ, ಇಷ್ಟು ವಿಶಾಲವಾದ ಜಾಗ ಖಾಲಿ ಬಿದ್ದಿರುವುದನ್ನು ಕಂಡು ಜೇಮ್ಸ್ ಬಾಂಡ್ ‘ಗೋಲ್ಡನ್ ಐ’ ಚಿತ್ರದವರು ಬಂದರು. 2000ದಲ್ಲಿ ಹ್ಯಾರಿ ಪಾಟರನವರು ಬಂದು ಹತ್ತು ವರ್ಷ ಬೀಡುಬಿಟ್ಟು ಎಂಟು ಸಿನಿಮಾ ಮುಗಿಸಿದರು. ಕಟ್ಟಿದ ಸೆಟ್ಟು, ಹೊಲಿದ ಬಟ್ಟೆ, ಮಾಡಿದ ಬೊಂಬೆ ಯಾವುದನ್ನೂ ಎಸೆಯದೆ 2012ರಲ್ಲಿ ಜನರಿಗೆ ತೆರೆದಿಟ್ಟರು. ಹಳೆಯದನ್ನು ಎಸೆಯದ ಜನ ಎಂದರೆ ನನಗೆ ಮೊದಲಿಂದಲೂ ಗೌರವ.

ವಿಮಾನದ ಸುದ್ದಿ ಕೇಳಿ ನಮ್ಮವರ ಕಿವಿ ನೆಟ್ಟಗಾಯಿತು. “ಮಸ್ಕಿಟೊ ಅಂದ್ರೆ ಆ ಮರದ ವಿಮಾನ ಅಲ್ವ?” ಅಂದರು. ಹೌದಂತೆ. ಯುದ್ಧಕಾಲದಲ್ಲಿ ಲೋಹಕ್ಕೆ ಬರ ಬಂದಾಗ ಮರವನ್ನೂ ಪ್ಲೈವುಡ್ಡನ್ನೂ ಅಂಟಿಸಿ ಮಾಡಿದ ವಿಮಾನ ಅದು, ಆ ಕಾಲದ ಅತಿ ವೇಗದ ವಿಮಾನಗಳಲ್ಲಿ ಒಂದು. ಈ ಪ್ಲೈವುಡ್ಡಿನ ವಿಷಯ ನೆನಪಿರಲಿ.

ಮೊದಲು ಒಂದು ಚಿಕ್ಕ ಥಿಯೇಟರಿನಲ್ಲಿ ಕೂರಿಸುತ್ತಾರೆ. ಡೇನಿಯಲ್ ರಾಡ್‌ಕ್ಲಿಫ್, ಎಮ್ಮಾ ವಾಟ್ಸನ್, ರೂಪರ್ಟ್ ಗ್ರಿಂಟ್, ಚಿತ್ರದ ಮುಖ್ಯ ನಟರು ಮೂವರೂ ಪರದೆಯ ಮೇಲೆ ಬಂದು ಮಾತಾಡುತ್ತಾರೆ. ಮಾತು ಮುಗಿದದ್ದೇ ಪರದೆ ಮೇಲೇಳುತ್ತದೆ. ಹಿಂದೆ, ಅಯ್ಯೋ ದೇವರೇ, ಹಾಗ್ವರ್ಟ್ಸಿನ ಆ ಭೋಜನಶಾಲೆಯ ಹೆಬ್ಬಾಗಿಲು. ನನಗೆ ಕೈಕಾಲು ಜುಮ್ ಅಂದಿತು. ಅಲ್ಲಿ ನಿಂತಿದ್ದ ಹುಡುಗಿ, “ಇವತ್ತು ಯಾರದಾದರೂ ಹುಟ್ಟುಹಬ್ಬ ಇದೆಯೇ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹುಟ್ಟುಹಬ್ಬದವರು ಬಾಗಿಲು ತೆರೆಯುವುದು ಅಲ್ಲಿಯ ಪದ್ಧತಿಯಂತೆ.

ಮಗಳು ನನ್ನ ಕೈಯನ್ನು ಹಿಡಿದು ಮೇಲೆತ್ತಿಬಿಟ್ಟಳು.

“ಸುಮ್ನಿರೇ, ನಾನು ಹುಟ್ಟಿದ್ದು ಪುನರ್ವಸುವಲ್ಲಿ” ಅಂತ ಪಿಸುಗುಟ್ಟಿದೆ. “ಪಾಸ್‌ಪೋರ್ಟಲ್ಲಿ ಪುನರ್ವಸು ಇಲ್ಲಮ್ಮ” ಅಂದಳು. ಭಾರತ ಸರ್ಕಾರ ಮುದ್ರೆ ಒತ್ತಿದ್ದನ್ನು, ಬ್ರಿಟಿಷ್ ಸರ್ಕಾರ ಒಪ್ಪಿ ವೀಸಾ ಕೊಟ್ಟಿದ್ದನ್ನು ಅಲ್ಲಗಳೆಯಲು ನಾನು ಯಾರು? ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದೆ. ನನ್ನ ಜೊತೆ ಇನ್ನೊಬ್ಬ ಪುಟ್ಟ ಹುಡುಗನೂ ಕೈ ಎತ್ತಿದ್ದ. ಅವನದು ನಿಜವಾದ ಹುಟ್ಟುಹಬ್ಬ ಇರಬೇಕು, ಮುಖ ನೋಡಿದರೇ ತಿಳಿಯುತ್ತಿತ್ತು. ಅವನೊಂದು ಕದ, ನಾನೊಂದು ಕದ. ತಳ್ಳುವಾಗ ನಮ್ಮ ಹೆಡ್‌ಮೇಷ್ಟ್ರ ಕೈ ನೆತ್ತಿಯ ಮೇಲೆ ಇದ್ದಂತೆಯೇ ಅನ್ನಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಪಾಯಸ ಕಾಣದ ಜೂನ್ ಒಂದಕ್ಕೆ ಇಂಗ್ಲೆಂಡಿನಲ್ಲಿ ಇಷ್ಟು ಮರ್ಯಾದೆ.

ಒಳಗೆ ಹೋದವರಲ್ಲಿ ಎಲ್ಲರೂ ಮೇಲೆ ನೋಡಿದರು, ನಮ್ಮವರು ಗೋಡೆ ತಟ್ಟಿದರು. ‘ಟೊಕ್ ಟೊಕ್’ ಎಂದಿತು. “ಟೊಳ್ಳು! ಪ್ಲೈವುಡ್ಡು, ಪ್ಲಾಸ್ಟರು” ಎಂದು ಸುತ್ತಲಿನ ಚೀನಿಯರಿಗೂ ಜರ್ಮನರಿಗೂ ಕನ್ನಡದಲ್ಲಿ ಘೋಷಿಸಿದರು. ಮೇಲೆ ನೋಡಿದವರಿಗೆ ಕಂಡದ್ದೂ ಅಷ್ಟೇ ಅನ್ನಿ. ಸಿನಿಮಾದಲ್ಲಿ ಚಾವಣಿಯಾಗಿ ಕಾಣುವ ಆ ಮಾಯದ ಆಕಾಶ, ತೇಲುವ ಮೋಡ ಯಾವುದೂ ಇರಲಿಲ್ಲ. ಚಾವಣಿಯೇ ಇಲ್ಲ, ಲೈಟು ಕಟ್ಟುವ ಕಂಬಿಗಳಿವೆ. ಆಕಾಶವನ್ನೆಲ್ಲ ಕಂಪ್ಯೂಟರಿನಲ್ಲಿ ಆಮೇಲೆ ಸೇರಿಸಿದ್ದು. ಗಾಳಿಯಲ್ಲಿ ತೇಲುವ ಮೇಣದಬತ್ತಿಗಳನ್ನು ಮೊದಲು ನಿಜವಾಗಿಯೇ ತಂತಿಗೆ ಕಟ್ಟಿ ಇಳಿಬಿಟ್ಟಿದ್ದರಂತೆ. ಉರಿಯ ಬಿಸಿಗೆ ತಂತಿ ತುಂಡಾಗಿ ಬತ್ತಿ ಕೆಳಗೆ ಬಿತ್ತಂತೆ. ಮಕ್ಕಳ ತಲೆ ಮೇಲೆ ಮೇಣ ಸುರಿಯುವುದು ಬೇಡವೆಂದು ಅದನ್ನೂ ಕಂಪ್ಯೂಟರಿಗೆ ವಹಿಸಿದರು. ಇದನ್ನು ಕೇಳಿ ನಮ್ಮವರು ಗೆದ್ದವರಂತೆ ನನ್ನ ಮುಖ ನೋಡಿದರು. ನೋಡುತ್ತ ಬೂಟಿನಿಂದ ನೆಲ ಒದ್ದರು. ನೆಲ ‘ಟೊಕ್’ ಅನ್ನಲಿಲ್ಲ. ಬಗ್ಗಿ ಕೈಯಿಂದ ಸವರಿದರು, ಗೆಣ್ಣಿನಿಂದ ಕುಟ್ಟಿದರು. “ಇದು ಕಲ್ಲೇ ಕಣೇ!” ಧ್ವನಿ ಬದಲಾಗಿತ್ತು.

ಕಲ್ಲೇ. ಯಾರ್ಕ್‌ಷೈರಿನ ಚಪ್ಪಡಿ. ಸೆಟ್ಟುಗಳ ಯಜಮಾನ ಸ್ಟುವರ್ಟ್ ಕ್ರೇಗ್ ಮೊದಲ ಚಿತ್ರದಲ್ಲೇ ಹಟ ಹಿಡಿದು ಹಾಸಿಸಿದ್ದು. ನೂರಾರು ಮಕ್ಕಳು ಓಡಾಡಬೇಕು, ಕ್ಯಾಮೆರಾ ಗಾಡಿಗಳು ಉರುಳಬೇಕು, ಬಣ್ಣ ಬಳಿದ ನೆಲ ನಾಲ್ಕು ದಿನ ಬಾಳುವುದಿಲ್ಲ ಎಂಬ ಲೆಕ್ಕ. ಆ ಲೆಕ್ಕ ಎಷ್ಟು ಸರಿಯಾಗಿತ್ತೆಂದರೆ ಹತ್ತು ವರ್ಷದ ಶೂಟಿಂಗನ್ನೂ ತಾಳಿ, ಆಮೇಲೆ ನಮ್ಮಂಥ ಲಕ್ಷಾಂತರ ಜನರ ಕಾಲ್ತುಳಿತವನ್ನೂ ಆ ನೆಲ ತಾಳಿಕೊಂಡಿದೆ. ತಟ್ಟುವವರಿಗೆ ಸಿಕ್ಕುವ ಗೋಡೆ ಸುಳ್ಳು, ಯಾರೂ ನೋಡದ ನೆಲ ನಿಜ. ನಮ್ಮವರು ಅಲ್ಲಿಂದ ಮುಂದೆ ಗೋಡೆ ತಟ್ಟುವುದನ್ನು ಕಡಿಮೆ ಮಾಡಿದರು.

ಮುಂದೆ ಸಾಗಿದಷ್ಟೂ ಇಂಥವೇ. ಡಂಬಲ್‌ಡೋರ್ ಹೆಡ್‌ಮೇಷ್ಟ್ರ ಕೋಣೆಯಲ್ಲಿ ಚಾವಣಿ ಮುಟ್ಟುವವರೆಗೆ ಚರ್ಮದ ರಟ್ಟಿನ ಗ್ರಂಥಗಳು, ಅವೆಲ್ಲ ಹಳೆಯ ಟೆಲಿಫೋನ್ ಡೈರೆಕ್ಟರಿಗಳಿಗೆ ರಟ್ಟು ಹಾಕಿದವು. ಜ್ಞಾನಭಂಡಾರ ಎಂದು ನಾನು ಸಿನಿಮಾದಲ್ಲಿ ಕೈಮುಗಿದದ್ದು ಫೋನ್ ನಂಬರುಗಳಿಗೆ! ಔಷಧ ಕಾಯಿಸುವ ತರಗತಿಯಲ್ಲಿ ನೂರಾರು ಗಾಜಿನ ಭರಣಿ. ಒಳಗಿರುವುದು ಕಸಾಯಿ ಅಂಗಡಿಯಿಂದ ತಂದು ಸುಟ್ಟ ಮೂಳೆ, ಒಣಗಿದ ಸೊಪ್ಪು, ಲಂಡನ್ ಮೃಗಾಲಯದ ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಪ್ರಾಣಿಗಳು. ಪ್ರತಿ ಭರಣಿಗೂ ಕೈಬರಹದ ಚೀಟಿ. ಕ್ಯಾಮೆರಾಕ್ಕೆ ಅದರಲ್ಲಿ ನೂರಕ್ಕೆ ತೊಂಬತ್ತು ಕಾಣಿಸುವುದೇ ಇಲ್ಲ, ಆದರೂ ಬರೆದಿದ್ದಾರೆ. ಮಂತ್ರದಂಡದ ಅಂಗಡಿಗೆ 17,000 ಡಬ್ಬಿ ಮಾಡಿ ಒಂದೊಂದಕ್ಕೂ ಬೇರೆ ಬೇರೆ ಚೀಟಿ ಅಂಟಿಸಿದ್ದಾರೆ. ಪರೀಕ್ಷಕರು ನೋಡದಿದ್ದರೂ ಗೆರೆ ಎಳೆದು ಅಂಚು ಬಿಟ್ಟು ಬರೆಯುವ ವಿದ್ಯಾರ್ಥಿ ತರಗತಿಗೊಬ್ಬರು ಇರುತ್ತಾರಲ್ಲ, ಅಂಥವರನ್ನೆಲ್ಲ ಹುಡುಕಿ ಇಲ್ಲಿ ಸೇರಿಸಿಕೊಂಡಿರಬೇಕು.

ಹುಡುಗರ ಮಲಗುವ ಕೋಣೆಯ ಮುಂದೆ ನನಗೆ ಕಣ್ಣು ತುಂಬಿ ಬಂತು, ನಗುವೂ ಬಂತು. ಮೊದಲ ಸಿನಿಮಾದಲ್ಲಿ ಹನ್ನೊಂದರ ಪ್ರಾಯದ ಹುಡುಗರಿಗೆಂದು ಮಾಡಿಸಿದ ಮಂಚ, ಉದ್ದ 5 ಅಡಿ 9 ಇಂಚು. ಹುಡುಗರು ಬೆಳೆದರು, ಮಂಚ ಬೆಳೆಯಲಿಲ್ಲ. ಕೊನೆಕೊನೆಯ ಸಿನಿಮಾಗಳಲ್ಲಿ ಹೊರಗೆ ಚಾಚಿದ ಕಾಲು ಕಾಣದಂತೆ ಕ್ಯಾಮೆರಾ ಇಡಬೇಕಾಯಿತಂತೆ. ಏಳನೇ ತರಗತಿಯವರನ್ನು ನಾಲ್ಕನೆಯವರ ಬೆಂಚಿನಲ್ಲಿ ಕೂರಿಸಿ ಪಾಠ ಮಾಡಿದ ನನಗೆ ಆ ಮಂಡಿಗಳ ಕಷ್ಟ ಗೊತ್ತು.

ಹ್ಯಾರಿಯ ಗೆಳೆಯ ವೀಸ್ಲಿಯವರ ಮನೆ ಬಂತು. ಪುಸ್ತಕದಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದು. ಬಡತನ, ಮನೆ ತುಂಬ ಮಕ್ಕಳು, ಅಡುಗೆಮನೆಯಲ್ಲಿ ಸದಾ ಏನಾದರೂ ಬೇಯುತ್ತಿರುತ್ತದೆ. ಅಲ್ಲಿ ಕಟಕಟೆಯ ಈಚೆ ನಿಂತು ಕೈ ಬೀಸಿದರೆ ಆಚೆ ಚಾಕು ತಾನಾಗಿ ತರಕಾರಿ ಹೆಚ್ಚುತ್ತದೆ, ಬಾಣಲೆ ತನ್ನನ್ನು ತಾನೇ ತಿಕ್ಕಿಕೊಳ್ಳುತ್ತದೆ, ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಓಡುತ್ತದೆ, ಕಡ್ಡಿಗಳೆರಡು ಕೂತು ಸ್ವೆಟರ್ ಹೆಣೆಯುತ್ತವೆ. ಹಿಂದೆ ಮೋಟಾರು, ಕಂಬಿ ಎಲ್ಲಾ ಇದೆ, ಗೊತ್ತು. ಆದರೂ ಕೈ ಬೀಸಿದೆ. ಮತ್ತೆ ಬೀಸಿದೆ. ಮಕ್ಕಳು ಒಂದು ಸಲ ಬೀಸಿ ಮುಂದೆ ಓಡುತ್ತಿದ್ದವು. ನನ್ನ ಪ್ರಾಯದ ಹೆಂಗಸರು ಮಾತ್ರ ಅಲ್ಲಿಂದ ಕದಲುತ್ತಿರಲಿಲ್ಲ. ಪಕ್ಕದಲ್ಲಿದ್ದ ಯಾವುದೋ ದೇಶದ ಅಜ್ಜಿ ಬಾಣಲೆಯ ಕಡೆ ಕೈ ತೋರಿಸಿ ಏನೋ ಅಂದಳು, ನಾನು “ಹೌದು ನೋಡಿ” ಅಂದೆ. ಇಬ್ಬರಿಗೂ ಪೂರ್ತಿ ಅರ್ಥವಾಯಿತು. ಹಾರುವುದು, ಮಾಯವಾಗುವುದು, ಡ್ರ್ಯಾಗನ್ ಪಳಗಿಸುವುದು ಎಲ್ಲ ಗಂಡುಹುಡುಗರಿಗೆ ಇರಲಿ. ಪಾತ್ರೆ ತಾನಾಗಿ ತೊಳೆದುಕೊಳ್ಳುವುದಕ್ಕಿಂತ ದೊಡ್ಡ ಮಾಯೆ ಯಾವುದಿದೆ?

ಹಾರುವುದು ಬೇಡ ಎಂದವಳನ್ನು ಮಗಳು ಬಿಡಬೇಕಲ್ಲ. ಪೊರಕೆ ಸವಾರಿಯ ಸಾಲಿನಲ್ಲಿ ನಿಲ್ಲಿಸಿದಳು. ಕಪ್ಪು ನಿಲುವಂಗಿ ತೊಡಿಸಿ, ಹಸಿರು ಗೋಡೆಯ ಮುಂದಿರುವ ಪೊರಕೆಯ ಮೇಲೆ ಹತ್ತಿಸುತ್ತಾರೆ. ಕ್ಯಾಮೆರಾ ಹಸಿರು ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಅದನ್ನು ಅಳಿಸಿ ಬೇರೆ ದೃಶ್ಯ ತುಂಬುತ್ತದೆ. ಮನುಷ್ಯರ ಚರ್ಮ ಯಾವ ಬಣ್ಣದ್ದೇ ಇರಲಿ, ಹಸಿರಂತೂ ಅಲ್ಲವಲ್ಲ, ಅದಕ್ಕೇ ಈ ಬಣ್ಣ. ಹ್ಯಾರಿಯ ಅದೃಶ್ಯ ಹೊದಿಕೆಗೂ ಒಳಗೆ ಹಸಿರು ಬಟ್ಟೆ ಹಾಕಿ ಹೊಲಿದಿದ್ದರು. ಅದನ್ನು ತಿರುವಿ ಹೊದ್ದರೆ ಆಳು ಮಾಯ. ಸಿನಿಮಾದ ಪೊರಕೆಗಳಿಗೆ ಸೈಕಲ್ ಸೀಟಿನಂಥದ್ದನ್ನು ಕೂರಿಸಿ ಮೇಲೆ ಅಂಗಿ ಮುಚ್ಚುತ್ತಿದ್ದರಂತೆ. ಇದನ್ನೆಲ್ಲ ಅಲ್ಲಿಯ ಹುಡುಗ ಚೆನ್ನಾಗಿ ವಿವರಿಸಿದ, ನಾನೂ ಮೇಷ್ಟ್ರಾಗಿ ತಲೆಯಾಡಿಸಿದೆ. ಪೊರಕೆಯ ಮೇಲೆ ಮೊದಲು ಒಂದು ಬದಿಗೆ ಕಾಲು ಇಳಿಬಿಟ್ಟು ಕೂತೆ. ನಮ್ಮವರ ಸ್ಕೂಟರಿನ ಹಿಂದೆ ಜೀವಮಾನವಿಡೀ ಕೂತದ್ದೇ ಹಾಗೆ. ಹಾಗಲ್ಲ ಎಂದು ಹುಡುಗ ಸನ್ನೆ ಮಾಡಿದ. ಎಂಥದೋ ಮಾಡಿ ಎರಡೂ ಬದಿಗೆ ಕಾಲು ಹಾಕಿದೆ. ಫ್ಯಾನ್ ತಿರುಗಿತು, ನಿಲುವಂಗಿ ಹಿಂದಕ್ಕೆ ಹಾರಿತು, ನಾನು ಎಡಕ್ಕೆ ಬಾಗಿದೆ, ಬಲಕ್ಕೆ ಬಾಗಿದೆ, ನಿಜವಾಗಿಯೇ ಹೆದರಿಕೆಯಾಗಿ “ರಾಮ ರಾಮ” ಅಂದೆ.

ಪರದೆಯಲ್ಲಿ ನೋಡಿದರೆ ಮೇಲೆ ತಲೆ, ಕಪ್ಪು ಅಂಗಿ, ಸ್ವೆಟರು. ಕೆಳಗೆ ಎರಡು ಓಟದ ಬೂಟು. ನಡುವೆ ಲಂಡನ್ ನಗರ. ಮೈಸೂರು ಸಿಲ್ಕಿನ ನೆರಿಗೆಯಷ್ಟೂ ಮಾಯವಾಗಿ, ಅದರೊಳಗೆ ಬೀದಿದೀಪಗಳು ಮಿನುಗುತ್ತ ಹರಿಯುತ್ತಿದ್ದವು. ಸಾಲಿನಲ್ಲಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕವು. ಹುಡುಗ ಸಂಕೋಚದಿಂದ ಇನ್ನೊಮ್ಮೆ ಮಾಡೋಣವೇ, ಬೇರೆ ಏನಾದರೂ ಸುತ್ತಿಕೊಳ್ಳುತ್ತೀರಾ ಎಂದು ಕೇಳಿದ. ಬೇಡಪ್ಪ ಅಂದೆ. ಸೀರೆ ಉಟ್ಟು ಅರ್ಧ ಅದೃಶ್ಯಳಾಗಿ ಹಾರಿದ ಮಾಂತ್ರಿಕಳು ಆ ಎಂಟೂ ಸಿನಿಮಾದಲ್ಲಿ ಇಲ್ಲ. ಆ ಫೋಟೋವನ್ನು ದುಡ್ಡು ಕೊಟ್ಟು ಕೊಂಡು, ನಮ್ಮ ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಅಲ್ಲಿಂದಲೇ ಕಳಿಸಿದೆ. ಗಣಿತದ ಮೇಡಂ “ಸೀರಿ ಎಲ್ಲಿ ಹೋತ್ರೀ?” ಅಂತ ಗಾಬರಿಯಾಗಿ ಕೇಳಿದರು.

ನಿಷಿದ್ಧ ಕಾಡನ್ನು ಬೇಗ ದಾಟಿದೆವು. ಜೇಡ ಕಂಡರೆ ನನಗಾಗದು, ಅಲ್ಲಿಯದು ಕೊಟ್ಟಿಗೆಯಷ್ಟಿದೆ. ಕಾಡು ಮುಗಿದಲ್ಲಿ ಒಂಬತ್ತೂ ಮುಕ್ಕಾಲನೇ ಪ್ಲಾಟ್‌ಫಾರ್ಮು, ಅದರಲ್ಲಿ ಹೊಗೆ ಬಿಡುತ್ತ ನಿಂತ ಕೆಂಪು ಉಗಿಬಂಡಿ. ಇದು ಪ್ಲೈವುಡ್ಡಲ್ಲ. 1937ರಲ್ಲಿ ಸ್ವಿಂಡನ್ನಿನ ಕಾರ್ಖಾನೆಯಲ್ಲಿ ಹುಟ್ಟಿ, ‘ಓಲ್ಟನ್ ಹಾಲ್’ ಎಂಬ ಹೆಸರಿನಲ್ಲಿ ದುಡಿದು, ಕೊನೆಗೆ ವೇಲ್ಸಿನ ಗುಜರಿ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದ ಎಂಜಿನ್ನು. ಯಾರೋ ಪುಣ್ಯಾತ್ಮರು ಉಳಿಸಿದರು, ಸಿನಿಮಾದವರು ಕೆಂಪು ಬಳಿದರು, ಹಾಗ್ವರ್ಟ್ಸ್ ಎಕ್ಸ್‌ಪ್ರೆಸ್ ಆಯಿತು. ಅದರ ಮುಂದೆ ನಿಂತಾಗ ನನಗೆ ನಮ್ಮ ಕಡೆಯ ಅರಸಾಳು ಸ್ಟೇಷನ್ ನೆನಪಾಯಿತು. 1985ರ ಸುಮಾರಿಗೆ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆಯಲು ನಮ್ಮ ಆಗುಂಬೆಗೆ ಬಂದಿದ್ದಾಗ, ನಾನು ಆಗಷ್ಟೇ ಕೆಲಸಕ್ಕೆ ಸೇರಿದವಳು, ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಶೂಟಿಂಗ್ ತೋರಿಸಲು ಹೋಗಿದ್ದೆ. ಪೇಟೆಯ ನಡುವೆ ಯಾವನೋ ಬಿಳಿಯ ದೊರೆಯ ಪ್ರತಿಮೆ ಎದ್ದುನಿಂತಿತ್ತು. ಹಿಂದಿನ ವಾರ ಅಲ್ಲಿ ಏನೂ ಇರಲಿಲ್ಲ ಎಂಬುದು ಇಡೀ ಊರಿಗೆ ಗೊತ್ತು. ಆದರೂ ಧಾರಾವಾಹಿ ಟಿವಿಯಲ್ಲಿ ಬಂದಾಗ ಅದೇ ಊರವರು ಅದೇ ಪ್ರತಿಮೆಯನ್ನು “ಮಾಲ್ಗುಡಿಯದ್ದು” ಎನ್ನುತ್ತ ನೋಡಿದರು, ಆಗುಂಬೆಯದ್ದು ಎನ್ನಲಿಲ್ಲ. ರೈಲಿನ ದೃಶ್ಯಗಳಿಗೆ ಅರಸಾಳು ಸ್ಟೇಷನ್ನೇ ಮಾಲ್ಗುಡಿಯಾಯಿತು. ಈಗ ಆ ಹಳೆ ಕಟ್ಟಡ ಮಾಲ್ಗುಡಿ ವಸ್ತುಸಂಗ್ರಹಾಲಯ. ಅಂದು ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನು ಸಜ್ಜುಗೊಳಿಸಿದರು, 2020ರಲ್ಲಿ ಅದು ತೆರೆಯಿತು. ಟಿಕೆಟಿಗೆ ತಿಂಗಳು ಮುಂಚೆ ಹೇಳಿಡಬೇಕಾಗಿಲ್ಲ. ತಾಳಗುಪ್ಪದ ರೈಲಿನಲ್ಲಿ ಹೋಗಿ ಇಳಿದರಾಯಿತು.

ಅಲ್ಲೇ ಬಟರ್‌ಬಿಯರ್ ಕುಡಿದೆವು. ಹೆಸರಿಗೆ ಹೆದರಬೇಡಿ, ಅಮಲಿನದಲ್ಲ. ಸಿಹಿ ಸೋಡಾ, ಮೇಲೆ ಬೆಣ್ಣೆ ಮಿಠಾಯಿ ರುಚಿಯ ನೊರೆ. ಮಗಳು ಒಂದು ಗುಟುಕಿಗೆ ಸಾಕು ಅಂದಳು. ಪುಸ್ತಕದಲ್ಲಿ ಅದನ್ನು ಇಷ್ಟು ವರ್ಷ ಕುಡಿದಿದ್ದ ನಾನು ಪೂರ್ತಿ ಮುಗಿಸಿದೆ, ಆ ರಾತ್ರಿ ಹೊಟ್ಟೆ ಸ್ವಲ್ಪ ಮಾತಾಡಿತು. ನಮ್ಮವರು ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿ ಕುಡಿದರು.

ಆಮೇಲೆ ನಮ್ಮವರು ಕಳೆದುಹೋದರು. ಮಾಂತ್ರಿಕರ ಪೇಟೆಯಾದ ಡಯಾಗನ್ ಗಲ್ಲಿಯ ಅಂಗಡಿಗಳ ಕಿಟಕಿಗೆ ಮೂಗು ಒತ್ತಿಕೊಂಡು ನಿಂತಿದ್ದವಳು ತಿರುಗಿ ನೋಡಿದರೆ ಮನುಷ್ಯ ಇಲ್ಲ. ಮಗಳು ಹಿಂದಕ್ಕೆ ಓಡಿದಳು, ನಾನು ಮುಂದಕ್ಕೆ ನಡೆದೆ. ಮುಂದಿನದು ನಕ್ಷೆಗಳ ಕೋಣೆ. ಗೋಡೆ ತುಂಬ ಸೆಟ್ಟುಗಳ ಡ್ರಾಯಿಂಗು, ನಡುವೆ ಬಿಳಿ ರಟ್ಟಿನಲ್ಲಿ ಕತ್ತರಿಸಿ ಜೋಡಿಸಿದ ಪುಟ್ಟ ಪುಟ್ಟ ಕಟ್ಟಡಗಳು. ಸೇತುವೆ, ಗೋಪುರ, ಹಳ್ಳಿ, ಎಲ್ಲವನ್ನೂ ಮರಕ್ಕೆ ಗರಗಸ ಇಡುವ ಮೊದಲು ಹೀಗೆ ಕಾಗದದಲ್ಲಿ ಕಟ್ಟಿ ನೋಡುತ್ತಿದ್ದರಂತೆ. ಅಲ್ಲಿ, ಒಂದು ಡ್ರಾಯಿಂಗಿಗೆ ಕನ್ನಡಕ ತಾಗುವಷ್ಟು ಹತ್ತಿರ, ನಮ್ಮವರು ನಿಂತಿದ್ದರು.

“ಇಲ್ಲಿ ನೋಡೇ, ಕೈಯಲ್ಲಿ ಎಳೆದದ್ದು. ಸೆಕ್ಷನ್ನು, ಎಲಿವೇಷನ್ನು, ಒಂದೊಂದು ಕಲ್ಲಿನ ಅಳತೆ ಬರ್ದಿದಾರೆ.” ಟ್ರೇಸಿಂಗ್ ಶೀಟಿನ ಮೇಲೆ ಇಂಕ್ ಪೆನ್ನಿನಲ್ಲಿ ಗೆರೆ ಎಳೆದು, ಅಮೋನಿಯಾ ಪ್ರಿಂಟಿನ ವಾಸನೆಯಲ್ಲಿ ಮೂಗು ಕಟ್ಟಿಕೊಂಡು ಬದುಕಿನ ಅರ್ಧ ಕಳೆದವರು ಅವರು. ಕಂಪ್ಯೂಟರ್ ಬಂದ ಮೇಲೆ ಕಚೇರಿಯಲ್ಲಿ ಅವರ ಗೆರೆಗೆ ಬೆಲೆ ಇಲ್ಲದಾಗಿ, ಕೊನೆಯ ವರ್ಷಗಳಲ್ಲಿ ಫೈಲಿಗೆ ಸಹಿ ಹಾಕುವುದಷ್ಟೇ ಉಳಿದಿತ್ತು. ಈಗ ಒಂದೊಂದು ಚೌಕಟ್ಟಿನ ಮುಂದೆಯೂ ನಿಂತು, ಬೆರಳಿನಿಂದ ಗಾಳಿಯಲ್ಲಿ ಗೆರೆ ಹಿಂಬಾಲಿಸುತ್ತಿದ್ದರು. “ಇಲ್ಲದ ಕಟ್ಟಡಕ್ಕೆ ಇಷ್ಟು ಡೀಟೇಲು! ಇದರ ಎಸ್ಟಿಮೇಟ್ ಪಾಸ್ ಮಾಡಿದ ಪುಣ್ಯಾತ್ಮ ಯಾರು?” ವೀಸ್ಲಿ ಅಡುಗೆಮನೆಯ ಮುಂದೆ ನನ್ನನ್ನು ಅವಸರಪಡಿಸಿದವರು ಇವರೇ. ಸೇಡು ತೀರಿಸಿಕೊಳ್ಳದೆ ಬೆಂಚಿನ ಮೇಲೆ ಕೂತು ಬೂಟು ಸಡಿಲಿಸಿಕೊಂಡೆ.

ಕೊನೆಗೆ ಕೋಟೆ. ಸಿನಿಮಾದಲ್ಲಿ ದೂರದಿಂದ ಕಾಣುವ ಹಾಗ್ವರ್ಟ್ಸಿನ ಮಾದರಿ ಅದು, ಒಂದು ದೊಡ್ಡ ಕೋಣೆಯ ತುಂಬ ಬಂಡೆ, ಗೋಪುರ, ಸೇತುವೆ ಸಮೇತ ಹರಡಿದೆ. ಅಳತೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. “ಅರ್ಧ ಇಂಚಿಗೆ ಒಂದಡಿ” ಅಂದರು ನಮ್ಮವರು, ಫಲಕ ಓದದೆಯೇ. ಮೊದಲ ಚಿತ್ರಕ್ಕೆ 86 ಜನ ಸೇರಿ ಕಟ್ಟಿದ್ದು. ಆಮೇಲೆ ಒಂದೊಂದು ಸಿನಿಮಾಕ್ಕೂ ಸೇರಿಸುತ್ತಾ ಹೋದ ಎಲ್ಲರ ದುಡಿಮೆಯ ಗಂಟೆಗಳನ್ನು ಕೂಡಿದರೆ 74 ವರ್ಷವಾಗುತ್ತದಂತೆ. ಕಿಟಕಿಗಳಲ್ಲಿ 2,500ಕ್ಕೂ ಹೆಚ್ಚು ಸಣ್ಣ ದೀಪ. ಕೋಣೆಯ ಬೆಳಕು ಹಗಲಿನಿಂದ ರಾತ್ರಿಗೆ ತಿರುಗಿದಾಗ ಅವು ಒಂದೊಂದಾಗಿ ಹತ್ತುತ್ತವೆ. ಸುತ್ತು ಬರುವ ದಾರಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ನಮ್ಮವರೊಬ್ಬರನ್ನು ಬಿಟ್ಟು. ಅವರು ಮಳೆನೀರು ಎಲ್ಲಿಂದ ಹರಿದುಹೋಗುತ್ತದೆಂದು ಹುಡುಕುತ್ತಿದ್ದರು.

ಹೊರಬರುವ ಮೊದಲು ಇನ್ನೊಂದು ಕೋಣೆ. ಗೋಡೆ ತುಂಬ ಮಂತ್ರದಂಡದ ಡಬ್ಬಿಗಳು, 4,000ಕ್ಕೂ ಮಿಕ್ಕಿ. ಇವುಗಳ ಮೇಲೆ ಬರೆದಿರುವುದು ಸಿನಿಮಾಗಳಲ್ಲಿ ದುಡಿದವರ ಹೆಸರು. ನಟರು, ಬಡಗಿಗಳು, ಹೊಲಿಯುವವರು, ಡ್ರೈವರುಗಳು, ಎಲ್ಲರಿಗೂ ಒಂದೇ ಅಳತೆಯ ಡಬ್ಬಿ, ಒಂದೇ ಅಳತೆಯ ಅಕ್ಷರ. ರಾಡ್‌ಕ್ಲಿಫ್ ಎಲ್ಲಿದ್ದಾನೆಂದು ಎಲ್ಲರೂ ಹುಡುಕುತ್ತಿದ್ದರೆ ನಮ್ಮವರು ಅಲ್ಲಿಯ ಕೆಲಸದವಳನ್ನು ಹಿಡಿದು, ಭೋಜನಶಾಲೆಗೆ ಕಲ್ಲು ಹಾಸಿದ ಮೇಸ್ತ್ರಿಯ ಡಬ್ಬಿ ಯಾವುದು ಎಂದು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಇದುವರೆಗೆ ಯಾರೂ ಕೇಳಿರಲಿಲ್ಲವಂತೆ.

ಇಷ್ಟಾದ ಮೇಲೆ ಅಂಗಡಿ ಇರಲೇಬೇಕಲ್ಲ, ಇತ್ತು. ನಾನು ಮಂತ್ರದಂಡದ ಬೆಲೆ ನೋಡಿ ರೂಪಾಯಿಗೆ ಲೆಕ್ಕ ಹಾಕಿ ವಾಪಸ್ ಇಟ್ಟೆ. ಆ ದುಡ್ಡಿಗೆ ನಮ್ಮೂರಿನಲ್ಲಿ ಬೀಟೆ ಮರದ ಊರುಗೋಲೇ ಬರುತ್ತದೆ, ಇನ್ನು ಸ್ವಲ್ಪ ದಿನಕ್ಕೆ ಅದೇ ಹೆಚ್ಚು ಉಪಯೋಗ. ನಮ್ಮವರು ಕಾಣಲಿಲ್ಲ. ಬಿಲ್ಲಿನ ಸಾಲಿನಲ್ಲಿದ್ದರು, ಎದೆಗವಚಿಕೊಂಡ ಡಬ್ಬಿಯಿಂದ ಮುಖವೇ ಮರೆಯಾಗಿತ್ತು. ಲೆಗೊ ಕಂಪನಿಯ ಹಾಗ್ವರ್ಟ್ಸ್ ಕೋಟೆ, 6,020 ತುಂಡುಗಳನ್ನು ಜೋಡಿಸಬೇಕಾದದ್ದು. “ಡ್ರಾಯಿಂಗ್ ಪುಸ್ತಕ ಒಳಗೇ ಇದೆಯಂತೆ” ಎಂದರು, ಎಸ್ಟಿಮೇಟ್ ಪಾಸ್ ಮಾಡಿಸಿಕೊಂಡ ಮುಖದಲ್ಲಿ.

ವಾಪಸ್ ಬರುವಾಗ ವಿಮಾನದ ತೂಕದ ಲೆಕ್ಕಕ್ಕೆ ನನ್ನ ಕೊಡೆ, ನೆಂಟರಿಗೆಂದು ಕೊಂಡ ಚಾಕಲೇಟು, ಎರಡು ಸ್ವೆಟರು ಲಂಡನ್ನಿನಲ್ಲೇ ಉಳಿದವು, ಕೋಟೆ ಬಂತು. ಊರಿಗೆ ಬಂದ ಮೇಲೆ ಊಟದ ಮೇಜಿನ ಮೇಲೆ ಕಾಮಗಾರಿ ಶುರುವಾಯಿತು. ನಾವು ಹಳೆಯ ಕಾಲದಂತೆ ನೆಲದಲ್ಲಿ ಎಲೆ ಹಾಕಿಕೊಂಡು ಉಣ್ಣತೊಡಗಿದೆವು. ಬಂದ ನೆಂಟರಿಗೆಲ್ಲ “ಇದು ಭೋಜನಶಾಲೆ, ಇದರ ನೆಲ ಒರಿಜಿನಲ್‌ನಲ್ಲಿ ಕಲ್ಲು” ಎಂದು ವಿವರಣೆ. ಸರ್ಕಾರಿ ಕಾಮಗಾರಿಗಳಂತೆ ಅಲ್ಲ, ಇದು ಮುಂದುವರಿಯಿತು. ಗೋಪುರಗಳೆಲ್ಲ ಎದ್ದವು. ಕಟ್ಟಕಡೆಯ ಗೋಪುರದ ತುದಿಗೆ ಇಡಬೇಕಾದ ಒಂದು ಚೂಪು ತುಂಡು ಮಾತ್ರ ಕಾಣೆ. ಸೋಫಾ ಎತ್ತಿಸಿದರು, ಚಾಪೆ ಕೊಡವಿಸಿದರು, ಬೆಕ್ಕಿನ ಮೇಲೆ ಗುಮಾನಿ ಪಟ್ಟರು. ಕೊನೆಗೆ ಒಂದು ದಿನ ಸಾರಿಗೆ ಹುಣಸೆಹಣ್ಣು ತೆಗೆಯಲು ಹೋದ ನಾನೇ ಅದನ್ನು ಡಬ್ಬಿಯಿಂದ ತೆಗೆದು ಕೊಟ್ಟೆ. ಮುಚ್ಚಳ ಹಾಕಿದ ಡಬ್ಬಿಯೊಳಗೆ ಅದು ಹೇಗೆ ಹೋಯಿತೆಂದು ಎಂಜಿನಿಯರ್ ಸಾಹೇಬರು ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ. ಮೇಜು ಇನ್ನೊಂದು ವಾರ ನನಗೆ ಬೇಕಿರಲಿಲ್ಲ, ನೆಲದೂಟ ರುಚಿ ಹಿಡಿದಿತ್ತು ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.